ಏಳನೆಯ ತಟ್ಟು

ಪೆಟ್ಟಿಗೆಯನ್ನು ಜೀಪಿನ ಹಿಂಬದಿಗೆ ಏರಿಸಿ, ಜಾರದಂತೆ ಹಗ್ಗ ಬಿಗಿದು ಆಗಿತ್ತು. ಹಿರಿಯ ಮಗ ಜೋಬಿನ್ ಕೀ ತಿರುಗಿಸಲು ಹೊರಟಾಗ ಪಕ್ಕದಲ್ಲಿ ಕೂತಿದ್ದ ಅಮ್ಮ ಮೋಳಿ ಅವನ ಕೈ ಹಿಡಿದರು.

“ತಟ್ಟಿ ಆಗ್ಲಿಲ್ಲ.”

“ಅಮ್ಮಚ್ಚಿ, ಇವತ್ತೂ ತಟ್ಟುದಾ?”

“ಇವತ್ತು ಎಂತಕ್ಕೆ ಬೇಡ? ಹೋಗುದು ಅವರೇ ಅಲ್ವಾ?”

ಪೆರಾಬೆಯ ಆ ಗುಡ್ಡದ ಮನೆಗೆ ಆಂಬುಲೆನ್ಸ್ ಹತ್ತುವುದಿಲ್ಲ. ಯಜಮಾನ ತಂಬಿಯವರ ಜೀಪು ಹತ್ತುತ್ತಿತ್ತು, ಅದೂ ಅದಕ್ಕೆ ಮನಸ್ಸು ಬಂದರೆ. ಹಾಗಾಗಿ ಅವರ ಕೊನೆಯ ಪಯಣ ಯಾವುದರಲ್ಲಿ ಎಂದು ಯಾರೂ ಚರ್ಚೆ ಮಾಡಬೇಕಾಗಿ ಬರಲಿಲ್ಲ. ಬಾಗಿಲಿಗೆ ತಂತಿ ಸುತ್ತಿತ್ತು, ಹರಿದ ಸೀಟಿಗೆ ಗೋಣಿ ಹಾಸಿತ್ತು, ಹಾರ್ನ್ ಸತ್ತು ಎಷ್ಟೋ ಕಾಲವಾಗಿತ್ತು. ತಿರುವಿನಲ್ಲಿ ತಂಬಿ ತಲೆ ಹೊರಗೆ ಹಾಕಿ ಬಾಯಲ್ಲೇ “ಪೋಂ” ಎನ್ನುತ್ತಿದ್ದರು. ಪಕ್ಕದಲ್ಲಿ ಮೋಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಮಾನ ತೆಗೀಬೇಡಿ ಮಾರಾಯ್ರೆ,” ಎಂದು ಗೊಣಗುವರು.

ಜೋಬಿನ್ ಕೈ ಹೊರಗೆ ಚಾಚಿ ಜೀಪಿನ ಮೈಗೆ ಒಂದು ತಟ್ಟಿದ. ಹಿಂದಿನಿಂದ ಸಿಜೋ ತಟ್ಟಿದ, ಜಿನ್ಸಿ ತಟ್ಟಿದಳು, ಉಳಿದ ಮೂವರೂ ತಟ್ಟಿದರು. ಆರು ಆಯಿತು. ಏಳನೆಯದು ಬರಲಿಲ್ಲ.

ಏಳನೆಯವಳು ನಿಷಾ. ಮೈಸೂರಿನಲ್ಲಿ ನರ್ಸು. ಬೆಳಿಗ್ಗೆ ಬಸ್ಸು ಹತ್ತಿದ್ದೇನೆ ಎಂದವಳ ಫೋನು ಸಂಪಾಜೆಯ ನಂತರ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯ ತೀರ್ಥರಾಮ ಮೊಬೈಲು ಎತ್ತಿ ಹಿಡಿದುಕೊಂಡು ಓಡಿ ಬಂದರು. “ಮೋಳಿಯಕ್ಕ, ನಿಷಾ ಆಲಂಕಾರಿನಲ್ಲಿ ಇಳಿದಿದ್ದಾಳಂತೆ. ಜೈನಬಮ್ಮನ ಅಂಗಡಿಯಿಂದ ಫೋನು. ಬಸ್ಸು ದಾರಿಯಲ್ಲಿ ಹಾಳಾಯ್ತಂತೆ. ಈಗ ಬರ್ಲಿಕ್ಕೆ ರಿಕ್ಷಾ ಒಂದೂ ಇಲ್ಲವಂತೆ.”

ರಿಕ್ಷಾ ಎಲ್ಲಿಂದ ಬರಬೇಕು? ಆಲಂಕಾರಿನ ರಿಕ್ಷಾದವರೆಲ್ಲ ತಂಬಿಯವರನ್ನು ಕೊನೆಯ ಸಲ ನೋಡಲು ಇದೇ ಗುಡ್ಡದ ಬುಡದಲ್ಲಿ ಸಾಲಾಗಿ ನಿಂತಿದ್ದರು.

*

ನಿಷಾಗೆ ಆಗ ನಾಲ್ಕು ವರ್ಷ. ನೆಲ್ಯಾಡಿಯಲ್ಲಿ ಮದುವೆ ಊಟ ಮುಗಿಸಿ ಬರುವಾಗ ತಂಬಿ ಆಲಂಕಾರಿನಲ್ಲಿ ಜೀಪು ನಿಲ್ಲಿಸಿ ಎಲ್ಲರಿಗೂ ಸೋಡಾ ಕುಡಿಸಿದ್ದರು. ಏಳು ಮಕ್ಕಳು, ಅಜ್ಜಿ, ಇಬ್ಬರು ಅತ್ತೆಯರು. ಜೀಪಿನಲ್ಲಿ ಯಾರ ಮಡಿಲು ಯಾರಿಗೆ ಎಂಬ ನಿಯಮವಿರಲಿಲ್ಲ. ಮಗು ಅತ್ತೆಯ ಮಡಿಲಲ್ಲಿದೆ ಎಂದು ಅಜ್ಜಿ ಅಂದುಕೊಂಡರು, ಅಜ್ಜಿಯ ಮಡಿಲಲ್ಲಿದೆ ಎಂದು ಅತ್ತೆ. ಮನೆಯಲ್ಲಿ ಗಂಜಿ ಬಡಿಸುವಾಗ ಒಂದು ಬಟ್ಟಲು ಉಳಿಯಿತು.

ತಾನು ಹೋಗಿ ಬರುತ್ತೇನೆಂದು ತಮ್ಮ ಹೇಳಿದರೂ ತಂಬಿ ಕೇಳಲಿಲ್ಲ. ಬಿಚ್ಚಿದ ಅಂಗಿ ಹಾಕಿಕೊಳ್ಳಲೂ ನಿಲ್ಲದೆ ತಾವೇ ಓಡಿದರು. ಮಗು ಜೈನಬಮ್ಮನ ಅಂಗಡಿಯ ಬೆಂಚಿನ ಮೇಲೆ ಬಾಳೆಹಣ್ಣು ತಿನ್ನುತ್ತ ಕೂತಿತ್ತು. ಅಳುತ್ತಿರಲಿಲ್ಲ.

“ಅಪ್ಪಚ್ಚನ್ ಬರ್ತಾರೆ ಅಂತ ನಾನು ಇವರಿಗೆ ಹೇಳಿದೆ,” ಎಂದಿತು.

ಅತ್ತದ್ದು ತಂಬಿ. ಮರುದಿನದಿಂದ ಕಾನೂನು ಬಂತು: ಹತ್ತಿದವರೆಲ್ಲ ಜೀಪಿನ ಮೈಗೆ ತಟ್ಟಬೇಕು, ಹಿರಿಯವನು ಮೊದಲು, ನಿಷಾ ಕೊನೆಗೆ. ಅವಳು ತಟ್ಟಿದ ಮೇಲೆ ಅಪ್ಪಚ್ಚನ್ “ಪೋಂ” ಎನ್ನಬೇಕು. ಆಮೇಲೆಯೇ ಗೇರ್. ಮಕ್ಕಳಿಗೆ ಮೀಸೆ ಬಂತು, ಮದುವೆಯಾಯಿತು, ಅವರವರದೇ ಕಾರುಗಳೂ ಬಂದವು. ಕ್ರಿಸ್ಮಸಿಗೆ ಎಲ್ಲರೂ ಜೀಪು ಹತ್ತಿದಾಗ ಕಾನೂನು ಮಾತ್ರ ಹಾಗೇ ಇತ್ತು.

*

“ಜಾಸಿರ್ ಬೈಕಲ್ಲಿ ಹೋಗಿ ಕರ್ಕೊಂಡು ಬರ್ಲಿ, ನೇರ ಚರ್ಚಿಗೆ,” ಎಂದ ಜೋಬಿನ್. ರಿಕ್ಷಾದ ಜಾಸಿರ್ ಆಗಲೇ ಯಾರದೋ ಬೈಕಿನ ಕೀ ಕೇಳುತ್ತಿದ್ದ.

“ಅವತ್ತೂ ಬೇರೆಯವರನ್ನು ಕಳಿಸ್ಲಿಕ್ಕೆ ಆಗ್ತಿತ್ತು,” ಎಂದರು ಮೋಳಿ. “ಅವರು ಕಳಿಸ್ಲಿಲ್ಲ. ಅವರೇ ಹೋದ್ರು. ಇವತ್ತೂ ಅವರೇ ಹೋಗ್ಲಿ.”

“ಅಮ್ಮಚ್ಚಿ!” ಜಿನ್ಸಿ ಗಾಬರಿಯಾದಳು. “ಮನೆಯಿಂದ ಎತ್ತಿದ ಮೇಲೆ ನೇರ ಚರ್ಚಿಗೇ ಹೋಗ್ಬೇಕು. ಊರು ಸುತ್ತಿಸಿದ್ರೆ ಜನ ಎಂತ ಹೇಳಿಯಾರು?”

ಸಿಜೋ ಅಮ್ಮನ ಕಡೆ, ಉಳಿದವರು ಜಿನ್ಸಿಯ ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಅಪ್ಪ ಇದ್ದಿದ್ದರೆ ಒಂದು ಗದರಿಕೆಗೆ ಎಲ್ಲ ಮುಗಿಯುತ್ತಿತ್ತು. ಅವರೇ ಇಲ್ಲವೆಂಬುದು ಮಕ್ಕಳಿಗೆ ಸರಿಯಾಗಿ ತಟ್ಟಿದ್ದು ಆಗಲೇ.

ಮೋಳಿ ಅಳಲಿಲ್ಲ. “ಒಂದು ಸಲ ಬಿಟ್ಟು ಬಂದೆವು,” ಎಂದರು ಮೆಲ್ಲಗೆ. “ಅದಕ್ಕೆ ಅವರು ಸಾಯುವವರೆಗೆ ತಲೆ ಎಣಿಸಿದ್ರು. ಇವತ್ತು ಅವರನ್ನೇ ಕೂರಿಸಿಕೊಂಡು ಅವಳನ್ನು ಬಿಟ್ಟು ಹೋಗುದಾ?”

ಎಲ್ಲರೂ ಅಂಗಳದಲ್ಲಿ ನಿಂತಿದ್ದ ಚರ್ಚಿನ ಫಾದರ್ ಮುಖ ನೋಡಿದರು. ಗುಡ್ಡ ಇಳಿದು ಎಡಕ್ಕೆ ಹೋದರೆ ಚರ್ಚು, ಬಲಕ್ಕೆ ಆಲಂಕಾರು. ಫಾದರ್ ಪ್ರಾರ್ಥನೆ ಪುಸ್ತಕ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡರು.

“ಹೋದ ಕ್ರಿಸ್ಮಸಿಗೆ ನನ್ನ ಕೈಯಲ್ಲೂ ತಟ್ಟಿಸಿದ್ದಾರೆ. ಬಲಕ್ಕೆ ಹೋಗುವ. ಗುಂಡಿ ಎಲ್ಲಿಗೂ ಓಡುದಿಲ್ಲ.”

*

ಮುಂದೆ ಜೀಪು, ಹಿಂದೆ ರಿಕ್ಷಾಗಳ ಸಾಲು. ಆಲಂಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಎದ್ದು ನಿಂತರು. ಜೈನಬಮ್ಮನ ಅಂಗಡಿಯ ಬೆಂಚು ಈಗ ಸಿಮೆಂಟಿನದು. ಅದರ ತುದಿಯಲ್ಲಿ, ಬ್ಯಾಗು ಮಡಿಲಲ್ಲಿ ಇಟ್ಟುಕೊಂಡು ನಿಷಾ ಕೂತಿದ್ದಳು. ಬೈಕು ಬರಬಹುದು ಎಂದು ದಾರಿ ನೋಡುತ್ತಿದ್ದವಳು ಜೀಪು ಕಂಡು ಎದ್ದಳು.

“ಅಪ್ಪಚ್ಚನ್ ಬಂದ್ರಾ?” ಎಂದು ಕೇಳಿಬಿಟ್ಟಳು.

ಜೈನಬಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟರು. “ಬಂದ್ರು ಮಗಾ. ಅವರು ಬಾರದೆ ಇರ್ತಾರಾ? ಹತ್ತು.”

ನಿಷಾ ಪೆಟ್ಟಿಗೆಗೆ ಕೆನ್ನೆ ಇಟ್ಟು ಬಹಳ ಹೊತ್ತು ಅತ್ತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅಣ್ಣಂದಿರ ನಡುವೆ ಜಾಗ ಮಾಡಿಕೊಂಡು ಕೂತು, ಕಣ್ಣೊರೆಸಿ, ಕೈ ಹೊರಗೆ ಚಾಚಿ ತಟ್ಟಿದಳು.

ಏಳು ಆಯಿತು. ಆದರೂ ಜೀಪು ಹೊರಡಲಿಲ್ಲ. ಜೋಬಿನ್ ಸ್ಟೇರಿಂಗ್ ಹಿಡಿದು ಕೂತಿದ್ದ. ತಿರುಗಿ ಪೆಟ್ಟಿಗೆಯನ್ನು ನೋಡಿದ. ಹಿಂದೆ ರಿಕ್ಷಾದವರೂ ಕಾಯುತ್ತಿದ್ದರು.

ಮೋಳಿ ಜಪಸರವನ್ನು ಮಡಿಲಲ್ಲಿ ಇಟ್ಟರು. ಸೆರಗು ಸರಿಮಾಡಿಕೊಂಡು, ಊರೆಲ್ಲ ನೋಡುತ್ತಿದ್ದಂತೆ ತಲೆ ಹೊರಗೆ ಹಾಕಿದರು.

“ಪೋಂ,” ಎಂದರು.

ಜೋಬಿನ್ ಗೇರ್ ಹಾಕಿದ.