ಮಾವನವರಿಗೆ ತಂದ ಮೀನುಗಳು

ಅಗ್ರಹಾರದ ಆ ಬೀದಿಯಲ್ಲಿ ತಲೆಯೆತ್ತಿ ಓಡಾಡಬೇಕೆಂದರೆ ಮೊದಲು ಮಾವನವರ ಮುಖವನ್ನು ಕಿಟಕಿಯಿಂದ ಬೇರೆ ಕಡೆಗೆ ತಿರುಗಿಸಬೇಕು ಎಂದು ಕಮಲಳಿಗೆ ಖಾತ್ರಿಯಾಗಿತ್ತು.

ಮಾವ ರಾಮಸ್ವಾಮಿಯವರು ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಐವತ್ತೆಂಟನೇ ಇಸವಿಯ ದೀಪಾವಳಿಯಂದು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಕಾಲಿಟ್ಟು, ಜಾರಿ ಬಿದ್ದು, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಮಂಚ ಬಿಟ್ಟು ಏಳಕೂಡದೆಂದು ಹೇಳಿ ಕಳಿಸಿದರು. ಮನೆಯಲ್ಲಿ ಮಂಚ ಹಿಡಿಯುವಷ್ಟು ಜಾಗವಿದ್ದದ್ದು ಬೀದಿಗೆ ಅಂಟಿಕೊಂಡ ಮುಂದಿನ ಕೋಣೆಯಲ್ಲಿ ಮಾತ್ರ. ಮಂಚಕ್ಕೆ ತಾಗಿದಂತೆ ಕಿಟಕಿ. ಅಂದಿನಿಂದ ಆ ಬೀದಿಯಲ್ಲಿ ಹಾದುಹೋದ ಯಾರೂ ಅವರ ಮಾತಿನಿಂದ ತಪ್ಪಿಸಿಕೊಳ್ಳಲಿಲ್ಲ. ತರಕಾರಿ ತಂದವರ ಚೀಲದಲ್ಲಿ ಬದನೆಕಾಯಿ ಹುಳುಕಿದೆಯೆಂದು ಅವರಿಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು. ಯಾರ ಮನೆಗೆ ಯಾರು ಬಂದರು, ಬಂದವರು ಊಟ ಮಾಡಿ ಹೋದರೋ ಹಾಗೇ ಹೋದರೋ, ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಕೆಟ್ಟ ಮನಸ್ಸಿನವರೇನಲ್ಲ. ನಾಲಿಗೆಗೆ ಮಾತ್ರ ಬಾಗಿಲಿರಲಿಲ್ಲ.

ಕಾರ್ತಿಕದ ಕೊನೆಗೆ ಎದುರು ಮನೆಯ ಗಿರಿಜಾಂಬಾ ಅವರ ಮಗಳು ಚಂದ್ರಮತಿಯನ್ನು ನೋಡಲು ಸರಸ್ವತಿಪುರಂನಿಂದ ಗಂಡಿನ ಕಡೆಯವರು ಬಂದರು. ಜಟಕಾ ಇಳಿದವರು ದಾರಿ ಕೇಳಿದ್ದು ಕಿಟಕಿಯಲ್ಲಿ ಕಂಡ ರಾಮಸ್ವಾಮಿಯವರನ್ನೇ.

"ಇದೇ ಎದುರು ಮನೆ," ಎಂದರು ರಾಮಸ್ವಾಮಿ. "ಹುಡುಗಿ ನಮ್ಮ ಕೈಯಲ್ಲೇ ಬೆಳೆದೋಳು. ಬಲು ಜಾಣೆ ಕಣ್ರೀ. ಯುದ್ಧ ಮುಗಿದ ವರ್ಷ ಮಿಡ್ಲ್ ಸ್ಕೂಲು ಪಾಸು ಮಾಡಿದಾಗ ಈ ಬೀದಿಗೆಲ್ಲ ಸಕ್ಕರೆ ಹಂಚಿದೋನು ನಾನೇ."

ಗಂಡಿನ ತಾಯಿ ಆ ಕಿಟಕಿಯ ಮುಂದೆ ನಿಂತೇ ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಜಾತಕದಲ್ಲಿ ಬರೆಸಿದ್ದ ವಯಸ್ಸಿಗೂ ಆ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಎದುರು ಮನೆಯೊಳಗೆ ಹೋಗಿ ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹೋದರು. ಸಂಬಂಧ ಮುರಿಯಿತು. ಅಂದಿನಿಂದ ಗಿರಿಜಾಂಬಾ ಕಮಲಳನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ಮುಖ ತಿರುಗಿಸುವರು. ಮೊಸರಿಗೆ ಹೆಪ್ಪು ಬೇಕಾದರೂ ಕಮಲ ಈಗ ಬೀದಿಯ ಆ ಕೊನೆಗೆ ಹೋಗಬೇಕಾಗಿತ್ತು. ಮಾವನವರಿಗೆ ಮಾತ್ರ ಏನೂ ತಿಳಿಯಲಿಲ್ಲ. "ಗಿರಿಜಾಂಬಾಗೆ ಏನಾಗಿದೆಯಮ್ಮ, ಕರೆದರೂ ಓಗೊಡೋಲ್ಲ," ಎಂದು ಸೊಸೆಯನ್ನೇ ಕೇಳುತ್ತಿದ್ದರು. ಕಾಲು ಮುರಿದು ಮಲಗಿದವರಿಗೆ ಏನೆಂದು ಹೇಳುವುದು ಎಂದು ಕಮಲ ಸುಮ್ಮನಾಗಿದ್ದಳು.

ದಸರಾ ವಸ್ತುಪ್ರದರ್ಶನದಲ್ಲಿ ಅವಳು ಗಾಜಿನ ತೊಟ್ಟಿಯಲ್ಲಿ ಮೀನು ನೋಡಿದ್ದಳು. ಅದರ ಮುಂದೆ ನಿಂತವರೆಲ್ಲ, ಮುದುಕರೂ ಕೂಡ, ಬಾಯಿ ಮುಚ್ಚಿಕೊಂಡು ನಿಂತಿದ್ದರು. ಆ ಬಾಯಿ ಮುಚ್ಚಿದ್ದೇ ಅವಳಿಗೆ ಈಗ ನೆನಪಾದದ್ದು.

"ಬ್ರಾಹ್ಮಣರ ಮನೆಯೊಳಗೆ ಮೀನಾ?" ಎಂದ ಗಂಡ ಸುಂದರೇಶ.

"ತಿನ್ನೋಕಲ್ಲವಲ್ಲ. ನೋಡೋಕೆ."

"ಅಪ್ಪ ಒಪ್ಪೋಲ್ಲ."

"ಅವರು ಮಾತಾಡಿದ್ದಕ್ಕೆಲ್ಲ ನಾವು ಒಪ್ಪಿಕೊಂಡಿಲ್ಲವಾ," ಎಂದಳು ಕಮಲ. ಸುಂದರೇಶ ಸೈಕಲ್ಲಿನ ಗಾಳಿ ನೋಡಲು ಹೋದ.

ಒಂಟಿಕೊಪ್ಪಲಿನಲ್ಲಿ ಕೆಂಪಯ್ಯ ಎಂಬುವನು ಹಿತ್ತಲಿನಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ ಬಣ್ಣದ ಮೀನು ಸಾಕಿ ಮಾರುತ್ತಾನೆಂದು ಸುಂದರೇಶನ ಕಚೇರಿಯಲ್ಲಿ ಯಾರೋ ಹೇಳಿದರು. ಭಾನುವಾರ ಗಂಡ ಹೆಂಡತಿ ಇಬ್ಬರೂ ಹೋದರು. ಕೆಂಪಯ್ಯ ಮೊದಲು ತೋರಿಸಿದ್ದು ದುಂಡನೆಯ ಗಾಜಿನ ಬುಡ್ಡಿ. ಸುಂದರೇಶನಿಗೆ ಅದು ಹಿಡಿಸಿತು. ಅದರೊಳಗಿನ ಮೀನು ಒಮ್ಮೆ ಕುಂಬಳಕಾಯಿಯಷ್ಟು ಊದಿ ಕಾಣುವುದು, ಒಮ್ಮೆ ಬೆರಳಿನಷ್ಟಾಗುವುದು. ಕಮಲ ಬೇಡವೆಂದಳು. ಅವಳ ಕಣ್ಣು ಮೂಲೆಯಲ್ಲಿದ್ದ, ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿದ ಪೆಟ್ಟಿಗೆಯ ಮೇಲಿತ್ತು. ಸೆರಗಿನ ತುದಿಯ ಗಂಟು ಬಿಚ್ಚಿ, ಅದರೊಳಗಿನ ದಾರ ತೆಗೆದು, ಪೆಟ್ಟಿಗೆಯ ಉದ್ದಕ್ಕೆ ಹಿಡಿದು ನೋಡಿದಳು.

"ಅದೇನವ್ವಾ ಅಳತೆ?" ಎಂದ ಕೆಂಪಯ್ಯ.

"ಕಿಟಕಿದು."

"ಮೀನ್ಗೆ ಕಿಟಕಿ ಯಾಕವ್ವಾ? ಅವೇನ್ ಬೀದಿ ನೋಡ್ತವಾ?"

"ಬೀದಿ ನೋಡೋರು ಬೇರೆ ಇದ್ದಾರೆ," ಎಂದಳು ಕಮಲ. ಪೆಟ್ಟಿಗೆ ಸರಿಯಾಗಿ ಕಿಟಕಿಯಗಲಕ್ಕೇ ಇತ್ತು. ಅದನ್ನೇ ಆರಿಸಿದಳು.

ಮೀನು ಆರಿಸುವಾಗ ಅವಳ ಮಾತು ನಡೆಯಲಿಲ್ಲ. ಒಂದೆರಡು ಸಾಕೆಂದರೆ ಕೆಂಪಯ್ಯ ಬಿಡಲಿಲ್ಲ. "ಒಂಟಿ ಮೀನು ಕೊರಗ್ತದೆ ಬುಡಿ. ಜೊತೆಗಿದು ಇರ್ಲಿ. ಈ ಕರೀದು ದೃಷ್ಟಿ ತೆಗೀತದೆ, ಇದೂ ಇರ್ಲಿ," ಎನ್ನುತ್ತ ಬಲೆಯಿಂದ ಎತ್ತೆತ್ತಿ ಹಾಕಿದ. ಸುಂದರೇಶ ಪ್ರತಿಯೊಂದಕ್ಕೂ ತಲೆಯಾಡಿಸಿದ. ಕೊನೆಗೆ ಅವನು ಕೊಟ್ಟ ಮುಚ್ಚಳದ ಡಬ್ಬಿಯಲ್ಲಿ ನೀರಿಗಿಂತ ಮೀನೇ ಹೆಚ್ಚಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಕಮಲಳ ಸೀರೆಯೆಲ್ಲ ಒದ್ದೆಯಾಯಿತು.

ಆ ಸಂಜೆಯೇ ಕೂರಿಸಬೇಕೆಂದು ಸುಂದರೇಶ ಹಟ ಹಿಡಿದ. ಮನೆ ರಿಪೇರಿಗೆ ತಂದು ಉಳಿದಿದ್ದ ಮರಳನ್ನು ಹಾಗೇ ಸುರಿದ. ನಲ್ಲಿಯಿಂದ ಬಿಂದಿಗೆ ಬಿಂದಿಗೆ ನೀರು ಹಿಡಿದು ಹೊಯ್ದ. ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತು. "ಕೂತುಕೊಳ್ಳುತ್ತೆ ಬಿಡು," ಎಂದು ಮೀನನ್ನೂ ಬಿಟ್ಟ. ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಾಗ ಬೀದಿ ಮರೆಯಾದದ್ದು ನೋಡಿ ಕಮಲಳಿಗೆ ಆ ದಿನ ಮೊದಲ ಬಾರಿ ಸ್ವಲ್ಪ ಸಮಾಧಾನವಾಯಿತು.

ಆ ಸಮಾಧಾನ ಬೆಳಗಿನವರೆಗೂ ಉಳಿಯಲಿಲ್ಲ. ಅವಳು ರಂಗೋಲಿ ಹಾಕಿ ಒಳಗೆ ಬರುವಾಗ ಅರ್ಧಕ್ಕರ್ಧ ಮೀನು ಮೇಲಕ್ಕೆ ತೇಲಿದ್ದವು. ಸಂದಿಗೆ ಮೆತ್ತಿದ್ದ ಅಂಟು ಒಂದು ಮೂಲೆಯಲ್ಲಿ ಬಿಟ್ಟು, ನೀರು ತೊಟ್ಟಿಕ್ಕಿ ಮಾವನವರ ಹಾಸಿಗೆಯ ಅಂಚು ನೆನೆದಿತ್ತು.

"ದರ್ಬಾರ್ ಬಕ್ಷಿ ಹೋಗಿಬಿಟ್ಟರಮ್ಮ," ಎಂದರು ರಾಮಸ್ವಾಮಿ. ಮನೆಯೊಳಗೆ ಮೀನೇ ಎಂದು ಹಿಂದಿನ ದಿನ ಮೂಗು ಮುರಿದಿದ್ದವರು ಅಷ್ಟರಲ್ಲಾಗಲೇ ಮೀನುಗಳಿಗೆಲ್ಲ ಅರಮನೆಯ ಕಾಲದ ಹುದ್ದೆಗಳನ್ನು ಹಂಚಿದ್ದರು. "ಅಮಲ್ದಾರನೂ ಕಷ್ಟದಲ್ಲಿದ್ದಾನೆ. ಆ ಕರಿಯ ನೋಡು, ಬಾಯಿ ಬಾಯಿ ಬಿಡ್ತಿದಾನೆ."

ಸುಂದರೇಶನಿಗೆ ಕಚೇರಿಗೆ ಹೊತ್ತಾಗಿತ್ತು. ಸತ್ತ ಮೀನು ತೆಗೆದದ್ದು, ಹಾಸಿಗೆ ಬಿಸಿಲಿಗೆ ಹಾಕಿದ್ದು, ಸೋರುವ ಮೂಲೆಗೆ ಜೇನುಮೇಣ ಕಾಯಿಸಿ ಮೆತ್ತಿದ್ದು, ಮತ್ತೆ ಸ್ನಾನ ಮಾಡಿ ಅಡಿಗೆಗಿಟ್ಟದ್ದು ಎಲ್ಲ ಕಮಲಳೇ. ಅದಾದ ಮೇಲೂ ನೆಮ್ಮದಿಯಿರಲಿಲ್ಲ. ಕಿಟಕಿಯ ಬಿಸಿಲು ಬಿದ್ದು ಬಿದ್ದು ನೀರು ಸೊಪ್ಪು ರುಬ್ಬಿದ ಹಾಗೆ ಹಸಿರಾಯಿತು. ಕಾಣದ ಮೀನಿಗೆ ಹಸಿವಾಗಿದೆಯೆಂದು ಮಾವನವರು ತಟ್ಟೆಯಲ್ಲಿದ್ದ ಅನ್ನ ಹಾಕಿದರು, ಒಂದು ದಿನ ಚಿತ್ರಾನ್ನವನ್ನೂ ಹಾಕಿದರು. ನೀರಿನ ಮೇಲೆ ಎಣ್ಣೆಯೂ ಸಾಸಿವೆಯೂ ತೇಲಿದವು. ಕೋಣೆ ನಾರತೊಡಗಿತು. ಮೀನು ಕಾಣದೆ ಹೋದ ಮೇಲೆ ಅವರು ಪೆಟ್ಟಿಗೆಯ ಮೇಲಿಂದ ಕತ್ತು ಚಾಚಿ ಮತ್ತೆ ಬೀದಿ ನೋಡತೊಡಗಿದರು. "ಕಮಲ ಸಾಕಿದ ಮೀನೆಲ್ಲ ಸಾಯ್ತಾವೆ ಕಣ್ರೀ," ಎಂದು ದಾರಿಹೋಕರಿಗೆ ಹೇಳುವುದು ಅವರ ಹೊಸ ಸಮಾಚಾರವಾಯಿತು.

ಒಂದು ಮಧ್ಯಾಹ್ನ ಆ ಮಾತು ಕೇಳಿಸಿಕೊಂಡ ಕಮಲ ಕೈಯಲ್ಲಿದ್ದ ಸೌಟನ್ನು ಒಲೆಯ ಕಟ್ಟೆಯ ಮೇಲೆ ಕುಕ್ಕಿ ಕೂತುಬಿಟ್ಟಳು. ಇಡೀ ಪೆಟ್ಟಿಗೆಯನ್ನು ಎತ್ತಿ ಮೋರಿಗೆ ಸುರಿಯಲೇ ಎನ್ನಿಸಿತು. ಆದರೆ ಉಳಿದ ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆಯುವುದನ್ನು ದಿನವೂ ನೋಡಿದ್ದಳು. ತಾನು ತಂದ ಜೀವಗಳು. ಹಾಗೆ ಸುರಿಯಲು ಮನಸ್ಸು ಬರಲಿಲ್ಲ.

ಆ ಬೀದಿಯಲ್ಲಿ ಮೀನಿನ ವಿಷಯ ಓದಿದವಳು ಒಬ್ಬಳೇ, ಚಂದ್ರಮತಿ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳುತ್ತಿದ್ದಳು. ಅವರ ಮನೆಯ ಮೆಟ್ಟಿಲು ಹತ್ತುವ ಧೈರ್ಯ ಕಮಲಳಿಗಿರಲಿಲ್ಲ. ಸಂಜೆ ಅವಳು ಬರುವ ಹೊತ್ತಿಗೆ ಬೀದಿಯ ಮೂಲೆಯಲ್ಲಿ ಹೂವು ಕೊಳ್ಳುವ ನೆಪದಲ್ಲಿ ನಿಂತಳು.

"ಚಂದ್ರಾ, ಕೇಳೋಕೆ ಮುಖವಿಲ್ಲ ನನಗೆ. ಮೀನು ಸಾಯ್ತಿವೆ ಕಣೆ."

ಚಂದ್ರಮತಿ ಕೊಡೆಯನ್ನು ಮಡಿಸಿ, ಅದರ ಪಟ್ಟಿ ಸುತ್ತಿದಳು. "ನೀರು ಯಾವುದು ಹಾಕಿದ್ದೀರಿ?"

"ನಲ್ಲೀದು."

"ನಲ್ಲಿ ನೀರಿಗೆ ಔಷಧಿ ಬೆರೆಸಿರ್ತಾರೆ. ಒಂದು ದಿನ ಅಗಲವಾದ ಪಾತ್ರೆಯಲ್ಲಿ ಬಿಟ್ಟು ಆಮೇಲೆ ಹಾಕಬೇಕು." ನಡೆಯುತ್ತಲೇ ಹೇಳಿದಳು. "ನಾಳೆ ಬರ್ತೀನಿ. ಮೀನಿಗೋಸ್ಕರ. ನಿಮ್ಮ ಮನೆಗೆ ಅಂತಲ್ಲ."

ಮಾರನೆಯ ದಿನ ತಾಯಿ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಬಂದಳು. ಕಿಟಕಿಯ ಮೇಲಿನ ಪೆಟ್ಟಿಗೆ ನೋಡಿ, "ಇಲ್ಲಿ ಯಾಕಿಟ್ಟಿರಿ?" ಎಂದಳು. ಕಮಲ ನಿಜ ಹೇಳಲಾರದೆ ತಡವರಿಸಿದಳು. ಚಂದ್ರಮತಿಗೆ ಅರ್ಥವಾಯಿತೇನೋ, ಮತ್ತೆ ಕೇಳಲಿಲ್ಲ. ಇಬ್ಬರೂ ಸೇರಿ ಬದುಕಿದ್ದ ಮೀನುಗಳನ್ನು ಬೋಗುಣಿಗೆ ಬಿಟ್ಟು, ಪೆಟ್ಟಿಗೆ ಖಾಲಿ ಮಾಡಿ, ಬಿಸಿಲು ಬೀಳದ ಗೋಡೆಯ ಕಡೆ ಗಟ್ಟಿ ಮೇಜಿನ ಮೇಲಿಟ್ಟರು. ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದೂ ತೊಳೆದೂ ನೀರು ತಿಳಿಯಾದ ಮೇಲೆ ಹಾಸಿದರು. ಚಂದ್ರಮತಿ ಕುಕ್ಕರಹಳ್ಳಿ ಕೆರೆಯಿಂದ ತಂದಿದ್ದ ನೀರುಗಿಡದ ಬುಡಕ್ಕೆ ಕಲ್ಲು ಕಟ್ಟಿ ನೆಟ್ಟಳು. ಮೀನು ತಿನ್ನುವಷ್ಟು ಮಾತ್ರ ಹಾಕಬೇಕು, ಉಳಿದದ್ದು ಕೊಳೆಯುತ್ತದೆ ಎಂದಳು. ಹೆಚ್ಚಾಗಿದ್ದ ಮೀನುಗಳನ್ನು ಕೆಂಪಯ್ಯನಿಗೇ ಹಿಂದಕ್ಕೆ ಕೊಡಬೇಕೆಂದೂ ಹೇಳಿದಳು.

ರಾಮಸ್ವಾಮಿಯವರು ದಿಂಬಿಗೊರಗಿ ಇದನ್ನೆಲ್ಲ ನೋಡುತ್ತಿದ್ದವರು, ಸುಮ್ಮನಿರಲಾರದೆ ಶುರುಮಾಡಿದರು. "ಅದಕ್ಕೇ ನಾನು ಹೇಳೋದು, ಬಲು ಜಾಣೆ ಅಂತ. ಅವತ್ತು ಆ ಗಂಡಿನ ಕಡೆಯೋರಿಗೂ ಅದನ್ನೇ ಹೇಳಿದೆ. ಅಷ್ಟು ಹೊಗಳಿದರೂ ನಿಮ್ಮಮ್ಮನಿಗೆ ನನ್ನ ಮೇಲೆ ಯಾಕಮ್ಮ ಕೋಪ?"

ಕಮಲ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು.

ಚಂದ್ರಮತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ದನಿ ಏರಿಸಲಿಲ್ಲ. "ತಾತ, ಜಾತಕದಲ್ಲಿ ನನ್ನ ವಯಸ್ಸು ಕಡಿಮೆ ಮಾಡಿ ಬರೆಸಿದ್ದರು. ನೀವು ಯುದ್ಧದ ವರ್ಷ ಹೇಳಿದಿರಿ. ಅವರು ಲೆಕ್ಕ ಹಾಕಿದರು. ಬೇಡ ಅಂದರು."

"ನನಗೆ ಗೊತ್ತಿರಲಿಲ್ಲವಲ್ಲಮ್ಮ."

"ನಿಮಗೆ ಗೊತ್ತಿರಲಿಲ್ಲ, ನಿಜ. ಎಲ್ಲರೂ ನನಗೆ, ಹೋಗಲಿ ಬಿಡು, ಇನ್ನೊಬ್ಬ ಸಿಗ್ತಾನೆ ಅಂತಾರೆ. ನನಗೆ ಆ ಹುಡುಗ ಒಪ್ಪಿಗೆಯಾಗಿದ್ದ ತಾತ. ಅದನ್ನ ಯಾರೂ ಕೇಳಲಿಲ್ಲ."

ಅಷ್ಟು ಹೇಳಿ, ಗಿಡದ ಎಲೆಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಬಿಡಿಸಿ, ಹೊರಟುಹೋದಳು.

ಮಾವನವರು ಆ ರಾತ್ರಿ ಊಟಕ್ಕೆ ಉಪ್ಪು ಕಡಿಮೆಯೆಂದೂ ಹೇಳಲಿಲ್ಲ. ಮರುದಿನವೂ ಮೌನ. ತಿಳಿನೀರಿನಲ್ಲಿ ಅಮಲ್ದಾರ ಗಿಡದ ಸಂದಿನಲ್ಲಿ ನುಸುಳಿ ಆಡುತ್ತಿದ್ದರೂ ಅವರು ಆ ಕಡೆ ನೋಡಲಿಲ್ಲ. ಯಾವ ಮೌನಕ್ಕಾಗಿ ಕಮಲ ಇಷ್ಟೆಲ್ಲ ಪಾಡುಪಟ್ಟಿದ್ದಳೋ ಅದು ಕಡೆಗೂ ಸಿಕ್ಕಿತ್ತು. ಅದನ್ನು ಸಹಿಸುವುದು ಮಾತಿಗಿಂತ ಕಷ್ಟವಾಯಿತು. "ಏನಾದರೂ ಮಾತಾಡಿ ಮಾವ," ಎಂದರೆ, "ಮಾತಾಡಿ ಏನಮ್ಮ ಉದ್ಧಾರ ಮಾಡಿದೆ," ಎನ್ನುತ್ತಿದ್ದರು. ಅದಕ್ಕೂ ಅವಳಿಗೆ ರೇಗುತ್ತಿತ್ತು.

ಪ್ಲಾಸ್ಟರ್ ಬಿಚ್ಚಿ, ಕೋಲೂರಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಇಡುವಂತಾದ ಕೂಡಲೇ ರಾಮಸ್ವಾಮಿಯವರು ಜಟಕಾ ತರಿಸು ಎಂದರು. ಹೋಗಬೇಕಾದದ್ದು ಸರಸ್ವತಿಪುರಂಗೆ. ಮಗ ಬೇಡವೆಂದ. ಸೊಸೆ ಬೇಡವೆಂದಳು. "ಮತ್ತೆ ಏನಾದರೂ ಹೇಳಿ ಇನ್ನಷ್ಟು ಕೆಡಿಸಿ ಬರ್ತೀರಿ," ಎಂದು ಬಾಯಿಬಿಟ್ಟೇ ಹೇಳಿದಳು. ಅವರು ಪಂಚೆ ಬದಲಾಯಿಸಿ, ಹಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ಕಾದು ನಿಂತರು. ಸುಂದರೇಶ ಜೊತೆಗೆ ಹೋಗಲೇಬೇಕಾಯಿತು.

ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದರು. ಕಮಲ ಗಂಡನ ಮುಖ ನೋಡಿದಳು. ಅವನು ತಲೆಯಲ್ಲಾಡಿಸಿದ. ಹುಡುಗನಿಗೆ ನಂಜನಗೂಡಿನ ಕಡೆ ನಿಶ್ಚಯವಾಗಿ ಹೋಗಿತ್ತು. ವಯಸ್ಸು ನಮಗೆ ದೊಡ್ಡದಾಗಿರಲಿಲ್ಲ, ಸುಳ್ಳು ಹೇಳಿದರಲ್ಲ ಎಂದು ಬೇಸರವಾಯಿತು ಎಂದು ಹುಡುಗನ ತಾಯಿ ಹೇಳಿದ್ದರಂತೆ.

ರಾಮಸ್ವಾಮಿಯವರು ಮನೆಯೊಳಗೆ ಬರಲಿಲ್ಲ. ಜಟಕಾ ಇಳಿದವರು ಕೋಲೂರಿಕೊಂಡು ನೇರವಾಗಿ ಎದುರು ಮನೆಯ ಮೆಟ್ಟಿಲಿಗೆ ಹೋದರು. ಕಮಲ ಜಗಲಿಗೆ ಬಂದಳು. ತಡೆಯೋಣವೆಂದರೆ ಆಗಲೇ ಬಾಗಿಲು ತೆರೆದಿತ್ತು.

"ಒಳಗೆ ಬನ್ನಿ ಅನ್ನೋಲ್ಲ ನಾನು," ಎಂದರು ಗಿರಿಜಾಂಬಾ.

"ಬೇಡ. ನಿಂತೇ ಹೇಳ್ತೀನಿ." ಹೋಗಿ ಬಂದದ್ದನ್ನೆಲ್ಲ ಹೇಳಿದರು. ಹುಡುಗನ ತಾಯಿಯ ಮಾತನ್ನೂ ಬಿಡಲಿಲ್ಲ. "ನನ್ನ ನಾಲಿಗೆಯಿಂದ ನಿಮ್ಮ ಮಗಳಿಗೆ ಆದದ್ದು ಆಯಿತು. ತಪ್ಪು ನನ್ನದು."

"ತಪ್ಪು ನಿಮ್ಮದಲ್ಲದೆ ಇನ್ಯಾರದು?"

"ಜಾತಕ ತಿದ್ದಿಸಿದೋರದೂ ಒಂದಿಷ್ಟು ಇದೆ ಕಣಮ್ಮ."

ಕಮಲ ಹಣೆ ಚಚ್ಚಿಕೊಂಡಳು. ಇಷ್ಟು ದೂರ ಬಂದು ಆ ಒಂದು ಮಾತನ್ನು ನುಂಗಿಕೊಳ್ಳಲಾಗಲಿಲ್ಲವಲ್ಲ ಈ ಮನುಷ್ಯನಿಗೆ.

ಗಿರಿಜಾಂಬಾ ಕೆರಳಿದರು. ಗಂಡನಿಲ್ಲದ ಹೆಂಗಸು ಮಗಳಿಗೆ ಮದುವೆ ಮಾಡುವುದೆಂದರೆ ಏನು ಗೊತ್ತೇ ನಿಮಗೆ ಎಂದರು. ಗೊತ್ತಿಲ್ಲ, ಹೇಳಿ ಎಂದರು ಇವರು. ಅವರು ಹೇಳಿದರು. ಇಪ್ಪತ್ತು ದಾಟಿದರೆ ಹುಡುಗಿ ಹಳಸಿದಳೆನ್ನುವವರ ಬಗ್ಗೆ ಹೇಳಿದರು, ಬಂದು ತಿಂದು ಹೋದವರ ಬಗ್ಗೆ ಹೇಳಿದರು. ದನಿ ಏರಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನಡುವೆ ಯಾವಾಗಲೋ, "ನಿಂತು ಕಾಲು ನೋಯಿಸಿಕೊಂಡು ಅದನ್ನೂ ನನ್ನ ತಲೆಗೆ ಕಟ್ಟಬೇಡಿ, ಕೂತ್ಕೊಳ್ಳಿ," ಎಂದು ಗಿರಿಜಾಂಬಾ ಜಗಲಿಯ ಮೇಲಿನ ಹಪ್ಪಳದ ಚಾಪೆಯನ್ನು ಅತ್ತ ಸರಿಸಿದರು. ಮಾವನವರು ಕೂತರು. ಜಗಳ ಮುಂದುವರಿಯಿತು.

ಚಂದ್ರಮತಿ ಒಳಗಿನಿಂದ ಬಂದು, ಇಬ್ಬರನ್ನೂ ನೋಡಿ, ಬೀದಿ ದಾಟಿ ಕಮಲಳ ಪಕ್ಕದಲ್ಲಿ ನಿಂತಳು. ನಿಶ್ಚಯದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಕಣ್ಣು ಕೆಂಪಗಿತ್ತು.

"ನಿಲ್ಲಿಸೋಣವಾ ಅವರನ್ನ?" ಎಂದು ಕೇಳಿದಳು ಕಮಲ.

"ಬೇಡ," ಎಂದಳು ಚಂದ್ರಮತಿ. "ಅಮ್ಮ ಇದನ್ನ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ."

ಇಬ್ಬರೂ ಒಳಗೆ ಹೋದರು. ಕಮಲ ಕಾಫಿಗೆ ನೀರಿಟ್ಟಳು.