ಬಣವಿಯ ಅಡಿಯ ಕಲ್ಲು

ಸಂಶಿ ಊರಿನ ರೈತ ಹೊಳೆಪ್ಪನ ಮಗಳು ಮಹಾನಂದಾ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ದಿನಾ ಮುಂಜಾನೆಯ ರೈಲೇ ಅವಳಿಗೆ ದಾರಿ. ಮಳೆ ಬಿತ್ತೆಂದರೆ ಊರಾಚೆಯ ಸೇತುವೆಯ ಬಳಿ ಎರೆಮಣ್ಣು ಮೆತ್ತಗಾಗಿ, ಹಳಿಯ ಕೆಳಗಿನ ಕಲ್ಲು ಸರಿದು, ರೈಲು ದಣಿದ ಎತ್ತಿನ ಹಾಗೆ ಹೆಜ್ಜೆ ಹಾಕುತ್ತಿತ್ತು. ಇನ್ನೊಮ್ಮೆ ತಡವಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

ಒಂದು ದಿನ ಅಲ್ಲಿ ರೈಲ್ವೆಯವರು ಕಲ್ಲುಗಳ ಮೇಲೆ ಪಾಲಿಮರ್ ಎಂಬ ಅಂಟು ಸುರಿಯತೊಡಗಿದರು. ಹೊಲಕ್ಕೆ ಹೊರಟಿದ್ದ ಹೊಳೆಪ್ಪ ನಿಂತು ನಕ್ಕ.

"ಏನ್ರಿ ಅಕ್ಕಾರ, ಇಷ್ಟ್ ದೊಡ್ಡ ರೈಲಿಗೆ ಗೋಂದು ಹಚ್ಚಾಕತ್ತೀರಿ?"

ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಗೌತಮಿಯೂ ನಕ್ಕಳು. "ಕಾಕಾ, ಮನ್ಯಾಗ ಚುರಮುರಿ ಉಂಡಿ ಕಟ್ತಾರಲ್ರಿ? ಬೆಲ್ಲದ ಪಾಕ ಒಂದಕ್ಕೊಂದು ಹಿಡಿದು ಕೂಡಸ್ತದ. ನಡುವಿನ ಸಂದಿ ಹಂಗ ಇರ್ತಾವ. ಇದೂ ಹಂಗ."

ನೀರು ನಿಲ್ಲುವುದಿಲ್ಲವೇ ಎಂದು ಅವನು ಕೇಳಿದ. ಮೊದಲೇ ಅಂಟು ಹಾಕಿ ಗಟ್ಟಿಯಾಗಿದ್ದ ಕಲ್ಲಿನ ಗಡ್ಡೆಯೊಂದನ್ನು ಅವಳು ಮುಂದಿಟ್ಟಳು. ಹೊಳೆಪ್ಪ ತನ್ನ ಚರಿಗೆಯ ನೀರು ಸುರಿದ. ಸರ್ರನೆ ಕೆಳಗಿಳಿಯಿತು. ಕೈಯಿಂದ ಎಳೆದ, ಕಾಲಿಂದ ಒದ್ದ. ಒಂದು ಕಲ್ಲೂ ಕದಲಲಿಲ್ಲ. ಶಿವನನ್ನು ನೆನೆದು ಹಣೆ ಮುಟ್ಟಿಕೊಂಡ.

ಆದರೆ ಗೌತಮಿಯ ಕಣ್ಣು ಪಕ್ಕದಲ್ಲಿದ್ದ ಅವನ ಹೊಲದ ಮೇವಿನ ಬಣವಿಯ ಮೇಲಿತ್ತು. ಮೇವಿಗೆ ನೆಲದ ಹಸಿ ತಾಗದಿರಲೆಂದು ಬಣವಿಯ ಅಡಿಗೆ ಕಲ್ಲು ಹಾಸುವುದು ರೂಢಿ. ಹೊಳೆಪ್ಪ ಹಾಸಿದ್ದು ಹಳಿಯ ಅಂಚಿನಿಂದ ಹೊತ್ತು ತಂದ ಕಲ್ಲು.

"ಅಂಚಿನ ಕಲ್ಲು ಹೋದ್ರ ಒಳಗಿಂದೂ ಸರೀತದ, ಕಾಕಾ. ಇಲ್ಲದ ಕಲ್ಲಿಗೆ ನಾ ಎಲ್ಲಿ ಅಂಟು ಹಾಕ್ಲಿ?"

ಹೊಳೆಪ್ಪ ಬಣವಿಯತ್ತ ತಿರುಗಿ ನೋಡಿದ. ಮಗಳ ರೈಲನ್ನು ತಡೆದವರಲ್ಲಿ ತಾನೂ ಒಬ್ಬ.

ಹೆಂಡತಿ ಮಲ್ಲಕ್ಕ ಬೈಯುತ್ತಲೇ ಬುಟ್ಟಿ ತಂದಳು. ಇಬ್ಬರೂ ಬಣವಿ ಕಿತ್ತು ಕಲ್ಲು ಹೊತ್ತರು. ತಾನೇ ಹಳಿಗೆ ಸುರಿಯಲು ಹೋದವನನ್ನು ಗೌತಮಿ ತಡೆದಳು. ಮಣ್ಣು ಮೆತ್ತಿದ ಕಲ್ಲಿಗೆ ಅಂಟು ಹಿಡಿಯದು. ರೈಲ್ವೆ ಗೇಟಿನ ಬಳಿ ಇಟ್ಟರೆ ತೊಳೆದು ಬಳಸುತ್ತೇವೆ ಎಂದಳು.

ಕೆಲಸ ಮುಗಿದು, ಪರೀಕ್ಷೆಯ ದಿನ ಬಂತು. ಸಣ್ಣಗೆ ಮಳೆ. ಗಂಡ ಹೆಂಡತಿ ಹೊಲದ ಬದುವಿನ ಮೇಲೆ ನಿಂತರು. ರೈಲು ಬಂತು, ಸೇತುವೆ ಹತ್ತಿತು, ವೇಗ ತಗ್ಗಿಸಲಿಲ್ಲ. ಕಿಟಕಿಯಲ್ಲಿ ಒಂದು ಕೈ ಮಿಂಚಿ ಮಾಯವಾಯಿತು.

"ಮಗಳ ಮಾರಿ ನೋಡಾಕೂ ಬಿಡ್ಲಿಲ್ಲ ನೋಡು," ಎಂದ ಹೊಳೆಪ್ಪ, ಕಣ್ಣೊರೆಸಿಕೊಳ್ಳುತ್ತ.

"ಸಂಜೀಕ ನೋಡೀರಂತ. ಪರೀಕ್ಷಿ ಬರದು ಬರ್ತಾಳ," ಎಂದಳು ಮಲ್ಲಕ್ಕ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಣವಿಯ ಅಡಿಯನ್ನೂ ಒಮ್ಮೆ ಬಗ್ಗಿ ನೋಡಿ. ಹಳಿಯ ಕಲ್ಲು ಮನೆಗೆ ತರಬೇಡಿ. ಅಂಟು ಹಾಕಿದ ಕಡೆ ದನ ಹಾಯಿಸಬೇಡಿ. ಆ ಕಿಟಕಿಯಲ್ಲಿ ಕೂತಿರುವುದು ನಮ್ಮ ಮಕ್ಕಳೇ.