ಸೊನ್ನೆಯ ಮನೆ

ಮೊದಲ ದಿನವೇ ಏಕವಚನದಲ್ಲಿ ಮಾತಾಡಿಸಿದ ಕಿಶನ್‌ನನ್ನು ಕಂಡರೆ ನಾಗಮಂಗಲದ ಬಡಗಿ ನಾಗಲಿಂಗಾಚಾರಿಗೆ ಆಗುತ್ತಿರಲಿಲ್ಲ. ಆದರೂ ಅವನ ತೋಟದ ಮನೆಯಲ್ಲಿ ಆಡಿಸುವ ರೂಲೆಟ್ ಜೂಜಿನ ಚಕ್ರವನ್ನು ತೇಗದಲ್ಲಿ ಮಾಡಿ, ಗೋಲಿ ಬೀಳಲು ಮೂವತ್ತಾರು ಮನೆ ಕೊರೆದಿದ್ದ. ಒಂದು ಜಾಗ ಮಾತ್ರ ಹಾಗೇ ಬಿಟ್ಟಿದ್ದ.

"ಸೊನ್ನೆ ಎಲ್ಲಿ?" ಎಂದು ಕಿಶನ್ ಗದರಿದ.

"ನಂಬರಿಗೆ ಕಟ್ಟಿ ಗೆದ್ದೋನ್ಗೆ ಏನ್ ಕೊಡ್ತೀಯ?"

"ಒಂದಕ್ಕೆ ಮೂವತ್ತೈದು. ಕಟ್ಟಿದ್ದೂ ವಾಪಸ್ಸು."

"ಅಂಗಾದ್ರೆ ಸೊನ್ನೆ ಸೇರಿ ಮೂವತ್ತೇಳು ಮನೆಗೂ ಒಂದೊಂದ್ ರೂಪಾಯಿ ಕಟ್ದೋನ್ಗೆ ಮೂವತ್ತಾರೇ ಬತ್ತದೆ. ಮಿಕ್ಕಿದ್ದು ನಿಂದು. ಕೆಂಪು ಮನೆ, ಕಪ್ಪು ಮನೆ ಅಂತ ಬಣ್ಣಕ್ಕೆ ಕಟ್ದೋರೂ ಸೊನ್ನೆ ಬಿದ್ರೆ ಸೋತ್ರು. ಆಡೋರ್ಗೆ ಇದ್ನ ಹೇಳಿದ್ದೀಯಾ?"

"ಅದು ನಿಂಗ್ಯಾಕೆ? ಹೇಳ್ದಂಗೆ ಕೊರಿ."

"ಕೊರೆಯಾಕಿಲ್ಲ."

ಕಿಶನ್ ಉಳಿ ಕಿತ್ತುಕೊಂಡು ತಾನೇ ಕೊರೆಯಲು ಹೋದ. ಮೂರನೇ ಏಟಿಗೆ ಚಕ್ರ ಅಂಚಿನಿಂದ ನಡುವಿನವರೆಗೂ ಸೀಳಿತು. ಅವನು ಉಳಿಯನ್ನು ನೆಲಕ್ಕೆ ಬಿಸಾಡಿ, ಬಾಯಿಗೆ ಬಂದಂತೆ ಬೈದು ಹೊರಟುಹೋದ.

ಹದಿನೈದು ದಿನದ ಕೆಲಸ ಹಾಳಾದದ್ದು ನೋಡುತ್ತಾ ಆಚಾರಿ ಉಳಿಯನ್ನು ಎತ್ತಿಟ್ಟ. ಮರುದಿನ ಕಿಶನ್ ಹೊಸ ಚಕ್ರ ಮಾಡಿಸಲು ಪಾಂಡವಪುರದ ಬಡಗಿಯೊಬ್ಬನನ್ನು ಹಿಡಿದಿದ್ದಾನೆಂದು ಸುದ್ದಿ ಬಂತು. ಆಚಾರಿ ಆ ಬಡಗಿಯ ನಂಬರು ಹುಡುಕಿ ಫೋನ್ ಮಾಡಿ, ಮೂವತ್ತೇಳು ಮನೆಯ ಲೆಕ್ಕವನ್ನು ಮೊದಲಿನಿಂದ ಹೇಳತೊಡಗಿದ.